ಬೇರೆಲ್ಲೂ ಇಲ್ಲದ ಹಕ್ಕಿಗಳು

ಆಕ್ಲೆಂಡಿಗೆ ಬಂದಿಳಿದ ಮೊದಲ ವಾರ. ಜುಲೈ ತಿಂಗಳ ಚಳಿ. ಪೆಟ್ಟಿಗೆಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಮನೆಯಾಕೆಗೆ ಊರಿನ ಚಿಂತೆ, ಮಗಳಿಗೆ ಅಜ್ಜಿಯ ನೆನಪು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡುತ್ತೇನೆ, ಹುಲ್ಲಿನ ಮೇಲೆ ಒಂದು ಜೋಡಿ ಗೊರವಂಕ! ಅದೇ ಹಳದಿ ಕೊಕ್ಕು, ಕಣ್ಣಿನ ಹಿಂದೆ ಅದೇ ಹಳದಿ ಪಟ್ಟೆ, ಅದೇ ಜಂಬದ ನಡಿಗೆ. "ಅಪ್ಪಾ, ನಮ್ಮ ಹಿತ್ತಲಿನ ಹಕ್ಕಿ ಇಲ್ಲಿಗೂ ಬಂದಿದೆ!" ಎಂದು ಮಗಳು ಕುಣಿದಾಡಿದಳು. ಅಂದು ನಮ್ಮ ಮನೆಯಲ್ಲಿ ಹಬ್ಬದ ಸಡಗರ.

ಈ ಸಂತೋಷವನ್ನು ಪಕ್ಕದ ಮನೆಯ ಹಿರಿಯ ಮಹಿಳೆಯೊಡನೆ ಹಂಚಿಕೊಂಡಾಗ ಆಕೆ ನಕ್ಕುಬಿಟ್ಟರು. ಈ ಹಕ್ಕಿಯನ್ನು ಕಂಡು ಇಷ್ಟು ಹಿಗ್ಗಿದವರನ್ನು ತಾವು ನೋಡಿದ್ದು ಇದೇ ಮೊದಲೆಂದರು. ಆಮೇಲೆ ಮೆಲ್ಲಗೆ, ಇದು ಈ ನಾಡಿನ ಹಕ್ಕಿಯಲ್ಲ, ಇಲ್ಲಿನ ಹಕ್ಕಿಗಳನ್ನು ಅಟ್ಟಿ ಗೂಡುಗಳನ್ನು ಕೆಡಿಸುತ್ತದೆ ಎಂದು ತಿಳಿಸಿದರು. ನನಗೆ ಒಂದು ಬಗೆಯ ಮುಜುಗರವಾಯಿತು. ಗೊರವಂಕದ ಪರವಾಗಿ ನಾನೇ ಕ್ಷಮೆ ಕೇಳಬೇಕೇನೋ ಎನಿಸಿತು! ಆ ಮುಜುಗರವೇ ನನ್ನನ್ನು ಊರಿನ ಗ್ರಂಥಾಲಯಕ್ಕೆ ಕಳಿಸಿತು. ಅಲ್ಲಿ ಓದಿದ್ದು, ಆಮೇಲೆ ಇಲ್ಲಿನ ಕಾಡುಗಳಲ್ಲಿಯೂ ನಮ್ಮ ಮಲೆನಾಡಿನಲ್ಲಿಯೂ ತಿರುಗಾಡಿ ಕಂಡದ್ದು, ಇವೆಲ್ಲ ಸೇರಿ ಈ ಲೇಖನವಾಗಿದೆ. ನಮ್ಮ ಸಂಘದ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಹಕ್ಕಿಗಳ ಇತಿಹಾಸ ಏಕೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೂ ಓದಬೇಕೆಂದು ವಿನಂತಿ.

ಗೊರವಂಕ ಬಂದ ದಾರಿ

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ಬ್ರಿಟಿಷರಿಗೂ ನಮ್ಮ ಹಾಗೆಯೇ ಊರಿನ ನೆನಪು ಕಾಡುತ್ತಿತ್ತು. ತಮ್ಮ ನಾಡಿನ ಪ್ರಾಣಿ, ಪಕ್ಷಿ, ಗಿಡಮರಗಳನ್ನು ತಂದು ಇಲ್ಲಿ ಒಗ್ಗಿಸುವುದಕ್ಕೆಂದೇ 1860ರ ದಶಕದಿಂದ ಊರೂರಿನಲ್ಲಿ ಸಂಘಗಳು ಹುಟ್ಟಿಕೊಂಡವು. ಗುಬ್ಬಚ್ಚಿ ಬಂತು, ಇಂಗ್ಲೆಂಡಿನ ಹಾಡುಹಕ್ಕಿಗಳು ಬಂದವು. ಬೆಳೆಯ ಹುಳುಗಳನ್ನು ತಿನ್ನಲೆಂದು 1870ರಿಂದ 1877ರ ನಡುವೆ ನಮ್ಮ ಗೊರವಂಕವನ್ನೂ ತಂದರು. ಮೊದಲು ಬಿಟ್ಟದ್ದು ದಕ್ಷಿಣ ದ್ವೀಪದಲ್ಲಿ ಮತ್ತು ಉತ್ತರ ದ್ವೀಪದ ಕೆಳಭಾಗದಲ್ಲಿ. ಆ ಚಳಿ ಅದಕ್ಕೆ ಒಗ್ಗಲಿಲ್ಲ. ದಕ್ಷಿಣದಲ್ಲಿ ಅದು ಅಳಿದು, ಮಿಕ್ಕದ್ದು ಬೆಚ್ಚನೆಯ ಉತ್ತರಕ್ಕೆ ಹರಡಿ ಆಕ್ಲೆಂಡಿನ ಸುತ್ತಮುತ್ತ ಬೀಡುಬಿಟ್ಟಿತು. ನಮ್ಮಲ್ಲಿ ಅನೇಕ ಕುಟುಂಬಗಳ ಕತೆಯೂ ಇದೇ ಅಲ್ಲವೇ?

ಗೊರವಂಕಕ್ಕೆ ನೂರು ಊರು. ಬೆಂಗಳೂರಾದರೂ ಸರಿ, ಆಕ್ಲೆಂಡಾದರೂ ಸರಿ, ಅದು ಬದುಕಿಕೊಳ್ಳುತ್ತದೆ. ಆದರೆ ಒಂದೇ ಊರಿರುವ ಹಕ್ಕಿಗಳೂ ಇವೆ. ಲೋಕದಲ್ಲಿ ಬೇರೆಲ್ಲಿಯೂ ಕಾಣದೆ ಒಂದೇ ನಾಡಿನಲ್ಲಿ ಬದುಕುವ ಇಂಥ ಜೀವಿಗಳನ್ನು ವಿಜ್ಞಾನಿಗಳು 'ಎಂಡೆಮಿಕ್' ಎನ್ನುತ್ತಾರೆ. ನಾವು ಸರಳವಾಗಿ 'ಒಂದೇ ನಾಡಿನ ಹಕ್ಕಿ' ಎನ್ನೋಣ. ಇಂಥ ಹಕ್ಕಿ ತನ್ನ ಕಾಡಿನಲ್ಲಿ ಅಳಿದರೆ ಮತ್ತೆಲ್ಲಿಂದಲೂ ತಂದುಬಿಡಲು ಸಾಧ್ಯವಿಲ್ಲ. ನಾವು ಬಿಟ್ಟು ಬಂದ ಮಲೆನಾಡು ಮತ್ತು ನಾವು ಬಂದು ಸೇರಿದ ಈ ದ್ವೀಪಗಳು, ಎರಡೂ ಅಂಥ ಹಕ್ಕಿಗಳ ತವರು.

ಎರಡು ಮಳೆಕಾಡುಗಳು

ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿನ ಮಿಲ್ಫರ್ಡ್ ಸೌಂಡಿನಲ್ಲಿ 6,000ಕ್ಕೂ ಹೆಚ್ಚು. ಅದು ಉಷ್ಣವಲಯದ ಮಳೆಕಾಡು, ಇದು ತಂಪು ನಾಡಿನ ಮಳೆಕಾಡು. ಆದರೆ ಪಾಚಿ ಹೊದ್ದ ಕಾಂಡ, ಮರದ ಮೇಲೆ ಬೆಳೆದ ಜರೀಗಿಡ, ಎಲೆಯಿಂದ ಎಲೆಗೆ ತೊಟ್ಟಿಕ್ಕುವ ನೀರು ಎರಡೂ ಕಡೆ ಉಂಟು. ಕೋಟ್ಯಂತರ ವರ್ಷಗಳ ಹಿಂದೆ ಭಾರತವೂ ನ್ಯೂಜಿಲೆಂಡೂ ಒಂದೇ ಮಹಾಖಂಡದ ಭಾಗಗಳಾಗಿದ್ದವು. ಆ ಖಂಡಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಗೊಂಡ್ವಾನ. ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಹೆಸರದು! ಮುಂದೆ ಭಾರತ ಉತ್ತರಕ್ಕೆ ಸಾಗಿ ಏಷ್ಯಾಕ್ಕೆ ತಾಗಿತು. ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟ ನ್ಯೂಜಿಲೆಂಡ್ ಸಾಗರದ ನಡುವೆ ಒಂಟಿಯಾಯಿತು.

ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಮಲೆನಾಡಿನ ಹಕ್ಕಿ ಪುನುಗುಬೆಕ್ಕು, ಹಾವು, ಕೋತಿಗಳ ನಡುವೆಯೇ ಬೆಳೆದದ್ದು. ಹೆದರುವುದನ್ನೂ ಗೂಡನ್ನು ಬಚ್ಚಿಡುವುದನ್ನೂ ಅದು ಕಲಿತಿದೆ. ಇಲ್ಲಿಯಾದರೋ ಮನುಷ್ಯ ಬರುವ ತನಕ ನೆಲದ ಮೇಲೆ ಬಾವಲಿಯ ಹೊರತು ಬೇರೆ ಸಸ್ತನಿಯೇ ಇರಲಿಲ್ಲ. ಹೀಗಾಗಿ ಹಲವು ಹಕ್ಕಿಗಳು ಹಾರುವುದನ್ನೇ ಮರೆತವು. ನೆಲದ ಮೇಲೆ ಮೊಟ್ಟೆಯಿಟ್ಟು ನಿಶ್ಚಿಂತೆಯಿಂದ ಬಾಳಿದವು.

ಮಲೆನಾಡಿನ ಮಂಗಟ್ಟೆ

ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಣುವ ಹಕ್ಕಿಗಳು ಎರಡು ಡಜನ್ನಿಗೂ ಹೆಚ್ಚು. ನೀಲಿ ರೆಕ್ಕೆಯ ಮಲಬಾರ್ ಗಿಳಿ, ಬಿಳಿ ಹೊಟ್ಟೆಯ ಮಟಪಕ್ಷಿ, ಕೆಂಬೆನ್ನಿನ ಪುಟ್ಟ ಸೂರಕ್ಕಿ, ನೀಲಗಿರಿ ಕಾಡುಪಾರಿವಾಳ ಇವುಗಳಲ್ಲಿ ಕೆಲವು. ಎತ್ತರದ ಶೋಲಾ ಕಾಡುಗಳಲ್ಲಿ ನಗುವ ಹರಟೆಮಲ್ಲಗಳಿವೆ. ಒಂದು ಬೆಟ್ಟದ ಜಾತಿ ಆಚೆ ಬೆಟ್ಟದಲ್ಲಿಲ್ಲ. ನಡುವಿನ ತಗ್ಗು ಕಣಿವೆಯೇ ಅವಕ್ಕೆ ಸಮುದ್ರ. ಕೊಡಗು ಮತ್ತು ವಯನಾಡಿನ ಗಡಿಯ ಬೆಟ್ಟಗಳಿಗೆಂದೇ ಒಂದು ಪ್ರತ್ಯೇಕ ಜಾತಿ ಇದೆ ಎಂದರೆ ನೀವೇ ಊಹಿಸಿ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಮಲೆನಾಡಿನ ಬೂದು ಮಂಗಟ್ಟೆ. ದೊಡ್ಡ ಮಂಗಟ್ಟೆಯ ಹಾಗೆ ಇದರ ಕೊಕ್ಕಿನ ಮೇಲೆ ಶಿರಸ್ತ್ರಾಣವಿಲ್ಲ. ಕೂಗು ಮಾತ್ರ ಯಾರೋ ಮರದ ಮೇಲೆ ಕುಳಿತು ಗಹಗಹಿಸಿ ನಕ್ಕ ಹಾಗೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಮುಚ್ಚಿಕೊಂಡು, ಒಂದು ಸಣ್ಣ ಸೀಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನ ಮೂಲಕ ಹಣ್ಣು, ಹುಳು ತಂದು ಉಣಿಸುತ್ತದೆ. ಗಂಡಿಗೆ ಏನಾದರೂ ಆದರೆ ಒಳಗಿರುವ ಸಂಸಾರವೇ ಗಂಡಾಂತರಕ್ಕೆ ಸಿಲುಕುತ್ತದೆ. ಅತ್ತಿ, ಆಲ, ರಾಮಪತ್ರೆಯ ಹಣ್ಣುಗಳನ್ನು ನುಂಗಿ, ದೂರ ಹಾರಿ, ಬೀಜ ಉದುರಿಸುವುದು ಇದರ ಕಾಯಕ. ಕಾಡನ್ನು ನೆಡುವ ರೈತ ಎಂದರೂ ತಪ್ಪಿಲ್ಲ.

ಇದೇ ಕೆಲಸವನ್ನು ಇಲ್ಲಿ ಮಾಡುವುದು ಕೆರೆರು ಎಂಬ ಕಾಡುಪಾರಿವಾಳ. ಬೇಲಿಯಾಚೆಯ ಮರದಲ್ಲಿ ಬಿಳಿಯ ಎದೆಯುಬ್ಬಿಸಿ ಕೂರುವ, ಹಾರಿದರೆ ರೆಕ್ಕೆ ಭರ್ರೆನ್ನುವ ಆ ಹಸಿರು ನೀಲಿ ಹಕ್ಕಿಯನ್ನು ನೀವೆಲ್ಲ ನೋಡಿರುತ್ತೀರಿ. ಟರೈರೆ, ಕರಾಕಾ ಮುಂತಾದ ಮರಗಳ ದಪ್ಪ ಹಣ್ಣನ್ನು ಇಡಿಯಾಗಿ ನುಂಗಿ ಬೀಜ ಹರಡುವ ಹಕ್ಕಿಗಳಲ್ಲಿ ಇಂದು ಉಳಿದಿರುವುದು ಹೆಚ್ಚುಕಡಿಮೆ ಇದೊಂದೇ. ಇದು ಹೋದರೆ ಆ ಮರಗಳ ಮುಂದಿನ ಪೀಳಿಗೆಗೂ ಕುತ್ತು.

ಮಲೆನಾಡಿನ ಹಕ್ಕಿಗಳ ಲೆಕ್ಕ ಬರೆದವರನ್ನೂ ನೆನೆಯಬೇಕು. ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್ 1862ರಿಂದ 1864ರಲ್ಲಿ ಭಾರತದ ಹಕ್ಕಿಗಳ ಸಂಪುಟಗಳನ್ನು ಹೊರತಂದನು. ಅದೇ ಶತಮಾನದ ಕೊನೆಗೆ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿ ಉತ್ತರ ಕನ್ನಡ ಜಿಲ್ಲೆಯ ಹಕ್ಕಿಗಳ ಬಗ್ಗೆ ಬರೆದನು. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿ 1942-43ರಲ್ಲಿ ಪ್ರಕಟಿಸಿದರು. ಇವೆಲ್ಲ ಇಂಗ್ಲಿಷಿನಲ್ಲಿದ್ದವು. ಮೂಡಿಗೆರೆಯ ತೋಟದಲ್ಲಿ ಕುಳಿತು ನಮ್ಮ ಹಕ್ಕಿಗಳನ್ನು ನಮ್ಮ ಮಾತಿನಲ್ಲೇ ನಮ್ಮ ಮನೆಗಳಿಗೆ ತಂದವರು ಪೂರ್ಣಚಂದ್ರ ತೇಜಸ್ವಿ. 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕವನ್ನು ಊರಿಂದ ತರುವ ಸಾಮಾನಿನಲ್ಲಿ ಸೇರಿಸಿಕೊಂಡು ಬಂದವರು ನಮ್ಮ ಸಂಘದಲ್ಲಿ ನಾನೊಬ್ಬನೇ ಆಗಿರಲಾರೆ.

ಕಳೆದುಕೊಂಡ ಕತೆ

ಸುಮಾರು 700 ವರ್ಷಗಳ ಹಿಂದೆ ಮಾವೋರಿಗಳ ಪೂರ್ವಜರು ದೋಣಿಗಳಲ್ಲಿ ಇಲ್ಲಿಗೆ ಬಂದರು. ಜೊತೆಗೆ ನಾಯಿಯೂ ಒಂದು ಜಾತಿಯ ಸಣ್ಣ ಇಲಿಯೂ ಬಂದವು. ಆಗ ಇಲ್ಲಿ ಒಂಬತ್ತು ಬಗೆಯ ಮೋವಾ ಹಕ್ಕಿಗಳಿದ್ದವು. ರೆಕ್ಕೆಯ ಕುರುಹೂ ಇಲ್ಲದ ಈ ಹಕ್ಕಿಗಳಲ್ಲಿ ದೊಡ್ಡವು ಆಳೆತ್ತರವನ್ನೂ ಮೀರಿದ್ದವು. ಬೇಟೆಯಿಂದಾಗಿ ಒಂದೆರಡು ಶತಮಾನಗಳೊಳಗೆ ಅವೆಲ್ಲ ಮುಗಿದುಹೋದವು. ಮೋವಾವನ್ನೇ ನಂಬಿದ್ದ, ಜಗತ್ತಿನಲ್ಲೇ ದೊಡ್ಡದೆನಿಸಿದ ಹದ್ದೂ ಅವುಗಳ ಹಿಂದೆಯೇ ಹೋಯಿತು.

ಆದರೂ 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿ ಲಂಗರು ಹಾಕಿದಾಗ, ದಡದಿಂದ ತೇಲಿಬಂದ ಹಕ್ಕಿಗಳ ಹಾಡಿನಿಂದಲೇ ಬೆಳಿಗ್ಗೆ ಎಚ್ಚರವಾಯಿತೆಂದು ಜೋಸೆಫ್ ಬ್ಯಾಂಕ್ಸ್ ದಿನಚರಿಯಲ್ಲಿ ಬರೆದಿದ್ದಾನೆ. ಅಷ್ಟು ಹಕ್ಕಿಗಳಿದ್ದವು. ಮುಂದಿನ ನೂರೈವತ್ತು ವರ್ಷಗಳಲ್ಲಿ ಆ ಹಾಡು ಒಂದೊಂದೇ ಸ್ವರವಾಗಿ ಕ್ಷೀಣಿಸಿತು.

ಹುಯಿಯಾ ಹಕ್ಕಿಯ ಕತೆ ಕೇಳಿ. ಕಪ್ಪು ಮೈ, ಬಾಲದ ತುದಿಗೆ ಬಿಳಿ ಪಟ್ಟಿ. ಗಂಡಿನ ಕೊಕ್ಕು ಮೊಂಡು, ಹೆಣ್ಣಿನದು ಉದ್ದವಾಗಿ ಬಾಗಿದ್ದು. ಒಂದೇ ಜಾತಿಯ ಗಂಡು ಹೆಣ್ಣಿನ ಕೊಕ್ಕಿನಲ್ಲಿ ಇಷ್ಟು ಅಂತರ ಇನ್ನಾವ ಹಕ್ಕಿಯಲ್ಲೂ ಇರಲಿಲ್ಲ. ಮಾವೋರಿ ನಾಯಕರಿಗೆ ಅದರ ಗರಿ ಗೌರವದ ಚಿಹ್ನೆ. ಕಾಡು ಕಡಿದು ಹುಲ್ಲುಗಾವಲಾಯಿತು. ಸಂಗ್ರಹಾಲಯಗಳಿಗಾಗಿ ನೂರಾರು ಹಕ್ಕಿಗಳನ್ನು ಕೊಂದು ಚರ್ಮ ಕಳಿಸಿದರು. 1892ರಲ್ಲಿ ಕಾನೂನಿನ ರಕ್ಷಣೆ ಬಂದರೂ ಅದು ಕಾಗದದ ಮೇಲೆಯೇ ಉಳಿಯಿತು. 1901ರಲ್ಲಿ ಯಾರ್ಕಿನ ಡ್ಯೂಕ್ ಇಲ್ಲಿಗೆ ಬಂದಾಗ ಗೌರವಾರ್ಥವಾಗಿ ಅವನ ಹ್ಯಾಟಿಗೆ ಹುಯಿಯಾ ಗರಿ ಸಿಕ್ಕಿಸಿದರು. ಅಲ್ಲಿಂದ ಮುಂದೆ ಎಲ್ಲರಿಗೂ ಆ ಗರಿ ಬೇಕಾಯಿತು. 1907ರ ಡಿಸೆಂಬರ್ 28ರಂದು ಟರರುವಾ ಬೆಟ್ಟದಲ್ಲಿ ಕಂಡದ್ದೇ ಒಪ್ಪಿತವಾದ ಕೊನೆಯ ದಾಖಲೆ. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವೇನು?

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಬೇಟೆಯ ಮೋಜಿಗೆಂದು ತಂದ ಮೊಲಗಳು ಮಿತಿಮೀರಿ ಹುಲ್ಲುಗಾವಲನ್ನು ಬೋಳಿಸಿದವು. ಅವುಗಳನ್ನು ಹಿಡಿಯಲೆಂದು 1880ರ ದಶಕದಲ್ಲಿ, ಹಕ್ಕಿ ಬಲ್ಲವರ ವಿರೋಧವನ್ನೂ ಲೆಕ್ಕಿಸದೆ, ಮುಂಗುಸಿಯನ್ನು ಹೋಲುವ ಸ್ಟೋಟ್ ಎಂಬ ಪ್ರಾಣಿಯನ್ನು ತಂದುಬಿಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮೊಲ ಹಿಡಿಯುವುದಕ್ಕಿಂತ ಹಾರಲಾರದ ಹಕ್ಕಿಯನ್ನು ಹಿಡಿಯುವುದು ಸ್ಟೋಟಿಗೆ ಸುಲಭ.

ಆ ಕಾಲದಲ್ಲಿ ರಿಚರ್ಡ್ ಹೆನ್ರಿ ಎಂಬ ಒಬ್ಬನಿದ್ದ. ದಕ್ಷಿಣದ ಫಿಯೋರ್ಡ್‌ಲ್ಯಾಂಡ್ ಕರಾವಳಿಯ ರೆಸಲ್ಯೂಷನ್ ದ್ವೀಪವನ್ನು ಸರ್ಕಾರ 1891ರಲ್ಲಿ ಹಕ್ಕಿಗಳಿಗೆ ಮೀಸಲಿಟ್ಟು, 1894ರಲ್ಲಿ ಅವನನ್ನು ಪಾಲಕನನ್ನಾಗಿ ನೇಮಿಸಿತು. ಕಾಕಾಪೊ ಎಂಬುದು ಹಾರಲಾರದ, ರಾತ್ರಿ ಸಂಚರಿಸುವ ಹಸಿರು ಗಿಳಿ. ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯ ಸಹಾಯದಿಂದ ಹೆನ್ರಿ ಆ ಗಿಳಿಗಳನ್ನೂ ಕಿವಿಗಳನ್ನೂ ಹುಡುಕಿ, ದೋಣಿಯಲ್ಲಿ ಹೊತ್ತು ದ್ವೀಪಗಳಿಗೆ ಸಾಗಿಸಿದನು. ಮಳೆ, ಬಿರುಗಾಳಿ, ಏಕಾಂತಗಳ ನಡುವೆ ಐನೂರಕ್ಕೂ ಹೆಚ್ಚು ಹಕ್ಕಿಗಳು! 1900ರಲ್ಲಿ ಸುದ್ದಿ ಬಂತು: ದ್ವೀಪದಲ್ಲಿ ಸ್ಟೋಟ್ ಕಾಣಿಸಿದೆ. ಸ್ಟೋಟಿಗೆ ಈಜು ಬರುತ್ತದೆ. ಹೆನ್ರಿಯ ವರ್ಷಗಳ ಶ್ರಮ ನೀರುಪಾಲಾಯಿತು. ಈ ಕತೆಯನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಉಳಿಸಿಕೊಂಡ ಕತೆ

ಹೆನ್ರಿ ಸೋತರೂ ಅವನ ದಾರಿ ಸೋಲಲಿಲ್ಲ. ಮುಂದಿನವರು ಅದನ್ನೇ ಹಿಡಿದರು. 1898ರ ನಂತರ ಯಾರ ಕಣ್ಣಿಗೂ ಬೀಳದೆ ಅಳಿಯಿತೆಂದು ತಿಳಿದಿದ್ದ ಟಾಕಹೆಯನ್ನು 1948ರ ನವೆಂಬರಿನಲ್ಲಿ ಜೆಫ್ರಿ ಆರ್ಬೆಲ್ ಎಂಬ ವೈದ್ಯರು ಮರ್ಚಿಸನ್ ಬೆಟ್ಟಗಳಲ್ಲಿ ಮತ್ತೆ ಕಂಡರು. ಕೆಂಪು ಕೊಕ್ಕು, ನೀಲಿ ಮೈಯ ಆ ದಪ್ಪ ಹಕ್ಕಿ ಜೀವಂತ ಎದುರಿಗೆ ನಿಂತಿತ್ತು. 1964ರಲ್ಲಿ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಇಲಿಗಳು ನುಗ್ಗಿದಾಗ ಡಾನ್ ಮರ್ಟನ್, ಬ್ರಯನ್ ಬೆಲ್ ಮುಂತಾದವರು 36 ಸ್ಯಾಡಲ್‌ಬ್ಯಾಕ್ ಹಕ್ಕಿಗಳನ್ನು ಹಿಡಿದು ಇಲಿಯಿಲ್ಲದ ದ್ವೀಪಗಳಿಗೆ ಒಯ್ದು ಆ ಜಾತಿಯನ್ನು ಉಳಿಸಿದರು. ಅದೇ ದ್ವೀಪದ ಇನ್ನೆರಡು ಹಕ್ಕಿಗಳನ್ನು ಉಳಿಸಲಾಗಲಿಲ್ಲ.

ಚಾಥಮ್ ದ್ವೀಪಗಳ ಕಪ್ಪು ರಾಬಿನ್ ಕತೆಯಂತೂ ಪುರಾಣದಂತಿದೆ. 1976ರಲ್ಲಿ ಅವುಗಳ ಸಂಖ್ಯೆ ಕೇವಲ ಏಳು. 1980ರ ಹೊತ್ತಿಗೆ ಐದು. ಅವುಗಳಲ್ಲಿ ಮರಿ ಮಾಡಬಲ್ಲ ಹೆಣ್ಣು ಒಂದೇ ಒಂದು. ಕಾಲಿಗೆ ನೀಲಿ ಪಟ್ಟಿ ಕಟ್ಟಿದ್ದರಿಂದ ಅದಕ್ಕೆ 'ಓಲ್ಡ್ ಬ್ಲೂ' ಎಂಬ ಹೆಸರು. ಮುದಿ ಹಕ್ಕಿ. ಮರ್ಟನ್ ಮತ್ತು ಸಂಗಡಿಗರು ಒಂದು ಉಪಾಯ ಮಾಡಿದರು. ಅದರ ಮೊಟ್ಟೆಗಳನ್ನು ತೆಗೆದು ಟಾಮ್‌ಟಿಟ್ ಎಂಬ ಬೇರೆ ಹಕ್ಕಿಯ ಗೂಡಿನಲ್ಲಿಟ್ಟರು. ಮೊಟ್ಟೆ ಕಳೆದುಕೊಂಡ ಓಲ್ಡ್ ಬ್ಲೂ ಮತ್ತೆ ಮೊಟ್ಟೆಯಿಟ್ಟಿತು. ಕೋಗಿಲೆ ಮರಿಯನ್ನು ಸಾಕುವ ನಮ್ಮ ಕಾಗೆಯ ಹಾಗೆ ಸಾಕುತಾಯಿ ಪರರ ಮರಿಗಳನ್ನು ಬೆಳೆಸಿತು. ಇಂದು ಇರುವ ಇನ್ನೂರಕ್ಕೂ ಹೆಚ್ಚು ಕಪ್ಪು ರಾಬಿನ್‌ಗಳೆಲ್ಲ ಆ ಒಂದು ಅಜ್ಜಿಯ ಸಂತಾನ.

ಕಾಕಾಪೊಗಳೂ 1995ರಲ್ಲಿ 51 ಮಾತ್ರ ಉಳಿದಿದ್ದವು. 2022ರಲ್ಲಿ 252ಕ್ಕೆ ಏರಿದವು. ಫಿಯೋರ್ಡ್‌ಲ್ಯಾಂಡಿನಲ್ಲಿ 1975ರಲ್ಲಿ ಸಿಕ್ಕ ಒಂದು ಮುದಿ ಗಂಡಿಗೆ ಇಟ್ಟ ಹೆಸರು ರಿಚರ್ಡ್ ಹೆನ್ರಿ. 2010ರಲ್ಲಿ ಸಾಯುವ ಮುನ್ನ ಅದು ಮರಿಗಳ ತಂದೆಯಾಗಿತ್ತು. ಹೆನ್ರಿಯ ಹೆಸರು ಹೀಗೆ ಉಳಿಯಿತು.

ಮರ ಹತ್ತಿದವರು, ಮರ ಅಪ್ಪಿದವರು

ಹಕ್ಕಿಯನ್ನು ಉಳಿಸಲು ಅದರ ಕಾಡೂ ಉಳಿಯಬೇಕಷ್ಟೆ. ಇಲ್ಲಿ ನನಗೆ ಎರಡು ನಾಡುಗಳ ಇತಿಹಾಸ ಕೈಹಿಡಿದು ನಡೆದಂತೆ ಕಾಣುತ್ತದೆ. ಉತ್ತರ ದ್ವೀಪದ ಪುರೆಯೋರಾ ಕಾಡು ಕೊಕಾಕೊ ಎಂಬ ಸೊಗಸಾದ ಹಾಡುಹಕ್ಕಿಯ ನೆಲೆ. 1978ರ ಜನವರಿಯಲ್ಲಿ ಅಲ್ಲಿ ಕಡಿತ ನಿಲ್ಲಿಸಲು ಕೆಲವರು ಮುಗಿಲೆತ್ತರದ ಮರಗಳ ಮೇಲೆ ಅಟ್ಟಣೆ ಕಟ್ಟಿ ಕುಳಿತುಬಿಟ್ಟರು. ಮೇಲೆ ಮನುಷ್ಯರಿರುವಾಗ ಮರ ಉರುಳಿಸುವುದು ಹೇಗೆ? ಕಡಿತ ನಿಂತಿತು. ಐದು ವರ್ಷಗಳ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು ಕಾಡಿಗೆ ನಡೆದು ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿತ್ತೋ ಇಲ್ಲವೋ, ಬುದ್ಧಿ ಮಾತ್ರ ಒಂದೇ.

ಮಲೆನಾಡಿನ ಅದೃಷ್ಟ ದೊಡ್ಡದು. ಹುಯಿಯಾದಂತೆ ಅಳಿದ ಹಕ್ಕಿಯ ಹೆಸರು ನಮ್ಮ ಘಟ್ಟದ ಪಟ್ಟಿಯಲ್ಲಿಲ್ಲ. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳಿಗೆಂದೇ ಮೀಸಲು ಪ್ರದೇಶ ಬಂತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಅವುಗಳಲ್ಲಿ ಹತ್ತು ಕರ್ನಾಟಕದವು. ಆದರೂ ನಿಶ್ಚಿಂತೆಯಿಂದಿರುವಂತಿಲ್ಲ. ಅಣೆಕಟ್ಟು, ರಸ್ತೆ, ಅಕೇಶಿಯ ನೆಡುತೋಪುಗಳಿಂದ ಕಾಡು ತುಂಡುತುಂಡಾಗಿದೆ. ಪೊಟರೆಯಿರುವ ಹಳೆಯ ಮರ ಸಿಗದಿದ್ದರೆ ಮಂಗಟ್ಟೆ ಎಲ್ಲಿ ಸಂಸಾರ ಹೂಡಬೇಕು? ನಾನು ಮೆಚ್ಚಿದ ಆ ಬೂದು ಮಂಗಟ್ಟೆಯನ್ನು 2020ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯವರು ಅಪಾಯದ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿದರು.

ನಮ್ಮ ಪಾಲಿನ ಕೆಲಸ

ಊರಿನಿಂದ ಬರುವಾಗ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ನಡೆಯುವ ತಪಾಸಣೆ ನಮ್ಮ ಕೂಟಗಳಲ್ಲಿ ಸದಾ ನಗೆಯ ವಸ್ತು. ಅಮ್ಮ ಕಟ್ಟಿಕೊಟ್ಟ ಬೀಜ, ದೇವರ ಪ್ರಸಾದದ ಹೂವು, ಬೂಟಿನ ಅಡಿಯ ಕೆಸರು ಎಲ್ಲವನ್ನೂ ಘೋಷಿಸಬೇಕು. ತಪ್ಪಿದರೆ 400 ಡಾಲರ್ ದಂಡ. ನಾನೂ ಹಿಂದೆ ಗೊಣಗಿದವನೇ. ಸ್ಟೋಟಿನ ಕತೆ ಓದಿದ ಮೇಲೆ ಗೊಣಗುವುದನ್ನು ಬಿಟ್ಟೆ. ಒಬ್ಬರ ಅಜಾಗ್ರತೆಗೆ ಒಂದು ಕಾಡು ಬೆಲೆ ತೆತ್ತ ನಾಡು ಇದು. ವೈಟಾಕೆರೆ ಬೆಟ್ಟದ ಕೌರಿ ಮರಗಳಿಗೆ ಮಣ್ಣಿನಿಂದ ರೋಗ ಹರಡುತ್ತಿರುವುದರಿಂದ 2017ರಲ್ಲಿ ಅಲ್ಲಿನ ಮಾವೋರಿ ಕುಲದವರು ಆ ಕಾಡಿಗೆ 'ರಾಹುಯಿ' ಎಂಬ ಪ್ರವೇಶ ನಿಷೇಧ ಹೇರಿದರು. ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಇಂಥದೇ ಕಟ್ಟುಪಾಡಿನಿಂದ ಕಾಯ್ದುಕೊಂಡವರು ಅವರು. ಕಾಡಿನ ಬಾಯಲ್ಲಿಟ್ಟ ಬ್ರಷ್ಷಿನಿಂದ ಬೂಟು ಉಜ್ಜುವಾಗ, ದೇವಸ್ಥಾನದ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದೇನೆಂದೇ ನನಗೆ ಅನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಟಿರಿಟಿರಿ ಮಟಂಗಿ ದ್ವೀಪಕ್ಕೆ ಕರೆದೊಯ್ದೆ. ಬೋಳು ಹುಲ್ಲುಗಾವಲಾಗಿದ್ದ ಆ ದ್ವೀಪದಲ್ಲಿ 1984ರಿಂದ 1994ರವರೆಗೆ ಸಾಮಾನ್ಯ ಜನರು, ಶಾಲೆಯ ಮಕ್ಕಳು ರಜೆಯ ದಿನಗಳಲ್ಲಿ ಹೋಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು. ಇಂದು ಅಲ್ಲಿ ಟಾಕಹೆ ನಡೆದಾಡುತ್ತದೆ, ಕೊಕಾಕೊ ಹಾಡುತ್ತದೆ. ಹಿಂತಿರುಗುವ ದೋಣಿಯಲ್ಲಿ ಮಗಳು ಕೇಳಿದಳು: "ಅಪ್ಪಾ, ನಾವು ಗೊರವಂಕವಾ, ಟಾಕಹೆಯಾ?" ಆಕೆಗೆ ಆಗ ನಾನು ಕೊಟ್ಟ ಉತ್ತರ ಇಷ್ಟೇ: "ನಾವು ಬಂದದ್ದು ಗೊರವಂಕದ ಹಾಗೆ, ಮಗಳೇ. ಆದರೆ ಗೊರವಂಕಕ್ಕೆ ಗಿಡ ನೆಡಲು ಬರುವುದಿಲ್ಲ. ನಮಗೆ ಬರುತ್ತದೆ."

ನಮ್ಮ ಸಂಘಕ್ಕೆ ನನ್ನದೊಂದು ಸಣ್ಣ ಸಲಹೆ. ವರ್ಷದ ಒಂದು ವಿಹಾರ ಟಿರಿಟಿರಿಗೋ ಇನ್ನಾವುದಾದರೂ ಗಿಡ ನೆಡುವ ಜಾಗಕ್ಕೋ ಆಗಲಿ. ಚಿತ್ರಾನ್ನ, ಮೊಸರನ್ನದ ಡಬ್ಬಿಯ ಜೊತೆ ಒಂದು ಗುದ್ದಲಿಯೂ ಬರಲಿ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಬೆಂಗಳೂರಿನ ಅಂಗಡಿ ಬೀದಿಗಳಲ್ಲಷ್ಟೇ ಸುತ್ತಿಸದೆ ಎರಡು ದಿನ ಆಗುಂಬೆಗೋ ದಾಂಡೇಲಿಗೋ ಕರೆದೊಯ್ಯೋಣ. ಮರದ ಮೇಲಿಂದ ಬೂದು ಮಂಗಟ್ಟೆ ಗಹಗಹಿಸಿ ನಕ್ಕಾಗ, ಈ ನಗು ಲೋಕದಲ್ಲಿ ಬೇರೆಲ್ಲೂ ಕೇಳಿಸದು ಎಂದು ಅವರಿಗೆ ಹೇಳೋಣ. ಕೇಳಿದ ಮಕ್ಕಳು ಮರೆಯಲಾರರು. ಸಂಘದ ಸಮಸ್ತ ಬಂಧುಗಳಿಗೂ ವಾರ್ಷಿಕೋತ್ಸವದ ಶುಭಾಶಯಗಳು.